ಪೊಮೋನದ ಮೋಟಾರು ಸಂತೆ

ಲಾಸ್ ಏಂಜಲಿಸ್ ಮಹಾನಗರದಿಂದ ಪೂರ್ವಕ್ಕೆ ಸುಮಾರು 30 ಮೈಲಿ ದೂರದಲ್ಲಿ, ಸ್ಯಾನ್ ಗೇಬ್ರಿಯಲ್ ಪರ್ವತಗಳ ತಪ್ಪಲಿನಲ್ಲಿ, ಪೊಮೋನ ಎಂಬ ಊರುಂಟು. ಪೊಮೋನ ಎಂಬುದು ಪ್ರಾಚೀನ ರೋಮನರ ಫಲದೇವತೆಯ ಹೆಸರು. ಹೆಸರಿಗೆ ತಕ್ಕಂತೆಯೇ ಇಲ್ಲಿನ ಕಣಿವೆ ಒಂದು ಕಾಲಕ್ಕೆ ಕಿತ್ತಳೆ, ನಿಂಬೆಯ ತೋಟಗಳಿಂದ ತುಂಬಿತ್ತು. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಆ ತೋಟಗಳು ಒಂದೊಂದಾಗಿ ಅಳಿದು, ಅವುಗಳ ಜಾಗದಲ್ಲಿ ಮನೆಗಳೂ ಹೆದ್ದಾರಿಗಳೂ ಎದ್ದವು. ಚಳಿಗಾಲದಲ್ಲಿ ಉತ್ತರ ದಿಕ್ಕಿಗೆ ತಲೆಯೆತ್ತಿ ನೋಡಿದರೆ, 10,000 ಅಡಿಗೂ ಮಿಗಿಲಾದ ಸ್ಯಾನ್ ಆಂಟೋನಿಯೊ ಶಿಖರದ ಮೇಲೆ ಹಿಮ ಬಿದ್ದಿರುವುದು ಕಾಣುತ್ತದೆ. ಕೆಳಗೆ ಬೀದಿಯ ಇಕ್ಕೆಲದಲ್ಲಿ ತಾಳೆಯ ಜಾತಿಯ ಮರಗಳು ಬಿಸಿಲು ಕಾಯುತ್ತ ನಿಂತಿರುತ್ತವೆ.

ಈ ಊರಿನ ಜಾತ್ರೆಯ ಮೈದಾನದಲ್ಲಿ, ವರ್ಷದ ಕೆಲವು ಭಾನುವಾರಗಳಂದು, ಸೂರ್ಯೋದಯಕ್ಕೆ ಮುಂಚೆಯೇ ಒಂದು ಸಂತೆ ಕೂಡುತ್ತದೆ. 1975ರಿಂದ ನಡೆದುಕೊಂಡು ಬಂದಿರುವ ಈ ಸಂತೆಯಲ್ಲಿ ಮಾರುವುದೂ ಕೊಳ್ಳುವುದೂ ಒಂದೇ ಸರಕು: ಹಳೆಯ ಮೋಟಾರು. ಬೆಳಗಿನ 5 ಗಂಟೆಗೆ ಬಾಗಿಲು ತೆರೆಯುತ್ತದೆ. ಕೈಯಲ್ಲಿ ಟಾರ್ಚು ಹಿಡಿದು, ಕಿವಿ ಮುಚ್ಚುವಂತೆ ಟೋಪಿ ಎಳೆದುಕೊಂಡ ಜನ ಕತ್ತಲೆಯಲ್ಲೇ ಸಾಲುಸಾಲಾಗಿ ನಡೆಯುತ್ತಾರೆ. ನೆಲದ ಮೇಲೆ ಹಾಸಿದ ತಾಡಪಾಲುಗಳ ಮೇಲೆ ಕಾರ್ಬೊರೇಟರುಗಳು, ದೀಪದ ಬುರುಡೆಗಳು, ಹೊಳಪು ಮಾಸಿದ ಬಂಪರುಗಳು, ಸ್ಟಿಯರಿಂಗ್ ಚಕ್ರಗಳು, ಯಾವ ಗಾಡಿಗೆ ಸೇರಿದುದೋ ಮಾರುವವನಿಗೇ ತಿಳಿಯದ ಬೀಗದ ಕೈಗಳು. ಬೇಕಾದ ವಸ್ತು ಬೆಳಕು ಹರಿಯುವ ಮೊದಲೇ ಕೈಬಿಟ್ಟು ಹೋಗುತ್ತದೆಂಬುದು ಇಲ್ಲಿನ ಅನುಭವಸ್ಥರ ನಂಬಿಕೆ.

ಬಿಡಿ ಭಾಗಗಳ ಸಾಲುಗಳನ್ನು ದಾಟಿ ಮುಂದೆ ನಡೆದರೆ ಇಡೀ ಗಾಡಿಗಳ ಸಾಲು ಸಿಗುತ್ತದೆ. ಇಲ್ಲಿಗೆ ಬಂದ ಕನ್ನಡಿಗನಿಗೆ ನಮ್ಮ ನಾಡಿನ ದನಗಳ ಜಾತ್ರೆ ನೆನಪಾಗದೆ ಇರದು. ಅಲ್ಲಿ ಎತ್ತಿನ ಹಲ್ಲು ಹಿಡಿದು, ಬೆನ್ನು ಚಪ್ಪರಿಸಿ, ಸುಳಿ ನೋಡಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಂತೆಯೇ ಇಲ್ಲಿಯೂ ಬಾನೆಟ್ಟು ಎತ್ತಿಸಿ, ನೆಲದ ಮೇಲೆ ಅಂಗಾತ ಮಲಗಿ ಚಾಸಿಯನ್ನು ನೋಡಿ, ಬಾಗಿಲನ್ನು ತೆರೆದು ಮುಚ್ಚಿ ಅದರ ಸದ್ದನ್ನು ಆಲಿಸುತ್ತಾರೆ. ಎತ್ತನ್ನು ಮಾರುವ ರೈತನ ಮುಖದಲ್ಲಿ ಕಾಣುವ ಹಿಂಜರಿಕೆಯೂ ಇಲ್ಲಿನ ಕೆಲವು ಮುಖಗಳಲ್ಲಿ ಕಾಣುತ್ತದೆ.

ಬಯಲು ಕಂಡ ಕಾಲಗಳು

ಈ ಬಯಲು ಸಾಮಾನ್ಯವಾದುದಲ್ಲ. 1922ರಲ್ಲಿ ಇಲ್ಲಿ ಲಾಸ್ ಏಂಜಲಿಸ್ ಜಿಲ್ಲೆಯ ಜಾತ್ರೆ ಮೊದಲಾಯಿತು. ಕುದುರೆ, ಹಸು, ಹಣ್ಣು, ಧಾನ್ಯಗಳ ಪ್ರದರ್ಶನಕ್ಕಾಗಿ ಹುಟ್ಟಿದ ಮೈದಾನ 1942ರಲ್ಲಿ ಬೇರೊಂದು ದೃಶ್ಯವನ್ನು ಕಂಡಿತು. ಜಪಾನಿನೊಡನೆ ಯುದ್ಧ ಆರಂಭವಾದ ಕೂಡಲೆ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಜನರನ್ನೆಲ್ಲ ಸರ್ಕಾರವು ಮನೆಮಠ ಬಿಡಿಸಿತು. ಅವರಲ್ಲಿ 5,000ಕ್ಕೂ ಹೆಚ್ಚು ಮಂದಿಯನ್ನು ಈ ಮೈದಾನದಲ್ಲಿ ಎಬ್ಬಿಸಿದ ಮರದ ಕೊಟ್ಟಿಗೆಗಳಲ್ಲಿ ಆ ಬೇಸಗೆಯಲ್ಲಿ ಇರಿಸಿ, ಬಳಿಕ ವಯೋಮಿಂಗ್ ಸೀಮೆಯ ಹಾರ್ಟ್ ಮೌಂಟನ್ ಶಿಬಿರಕ್ಕೆ ಸಾಗಿಸಲಾಯಿತು. ಹೊರಡುವ ಮುನ್ನ ಕರಾವಳಿಯುದ್ದಕ್ಕೂ ಆ ಜನ ತಮ್ಮ ಪಾತ್ರೆಪಡಗ, ಬೇಸಾಯದ ಸಾಮಾನು, ಮೋಟಾರು, ಲಾರಿಗಳನ್ನು ಕೈಗೆ ಬಂದ ಬೆಲೆಗೆ ಮಾರಿಬಿಡಬೇಕಾಯಿತು. ಕೊಳ್ಳುವವನ ಮುಖದಲ್ಲಿ ನಗು, ಮಾರುವವನ ಮುಖದಲ್ಲಿ ಕಣ್ಣೀರು. ಒಂದು ಗಾಡಿಯ ಬೆಲೆ ಅದರ ಕಬ್ಬಿಣದಿಂದ ಮಾತ್ರ ನಿರ್ಣಯವಾಗುವುದಿಲ್ಲ, ಮಾರುವವನು ಯಾವ ಸ್ಥಿತಿಯಲ್ಲಿ ನಿಂತಿದ್ದಾನೆಂಬುದರಿಂದಲೂ ನಿರ್ಣಯವಾಗುತ್ತದೆಂಬ ಕಹಿ ಪಾಠ ಈ ನಾಡಿಗೆ ಹೊಸದಲ್ಲ.

ಯುದ್ಧ ಮುಗಿಯಿತು. ಸೈನ್ಯದಿಂದ ಹಿಂದಿರುಗಿದ ತರುಣರ ಕೈಯಲ್ಲಿ ಅಷ್ಟಿಷ್ಟು ಹಣವಿತ್ತು. ವಿಮಾನ, ಟ್ಯಾಂಕುಗಳನ್ನು ರಿಪೇರಿ ಮಾಡಿದ ವಿದ್ಯೆಯಿತ್ತು. ಮನಸ್ಸಿನಲ್ಲಿ ವೇಗದ ಹುಚ್ಚಿತ್ತು. ಹಳೆಯ ಫೋರ್ಡುಗಳ ಮಡ್‌ಗಾರ್ಡ್ ಕಿತ್ತು ಹಾಕಿ, ಎಂಜಿನ್ನಿಗೆ ಹೊಸ ಜೀವ ತುಂಬಿ ಓಡಿಸುವ ಗೀಳು ಯುದ್ಧಕ್ಕೆ ಮುಂಚೆಯೇ ಇಲ್ಲಿತ್ತು. ಮ್ಯುರಾಕ್ ಎಂಬ ಒಣಕೆರೆಯ ಗಟ್ಟಿ ನೆಲದ ಮೇಲೆ ಅವರು ಕಾಲಮಾಪಕ ಹಿಡಿದು ಓಡಿಸುತ್ತಿದ್ದರು. ಇಂಥ ಗಾಡಿಗಳಿಗೆ ಹಾಟ್ ರಾಡ್ ಎಂದು ಹೆಸರು. ಒಣಕೆರೆ ದೂರ, ಮನೆಯ ಮುಂದಿನ ಬೀದಿ ಹತ್ತಿರ. ಆದುದರಿಂದ ರಾತ್ರಿಯ ಹೊತ್ತು ಎರಡು ಗಾಡಿಗಳು ದೀಪಸ್ತಂಭದ ಬುಡದಲ್ಲಿ ಜೊತೆಯಾಗಿ ನಿಂತು, ಹಸುರು ದೀಪ ಹತ್ತಿದೊಡನೆ ಚಿಮ್ಮುವ ಬೀದಿ ಪಂದ್ಯಗಳು ಊರೂರಿನಲ್ಲಿ ಮೊದಲಾದವು. ಅಪಘಾತಗಳಾದವು, ತಾಯಂದಿರು ಅತ್ತರು, ಪತ್ರಿಕೆಗಳು ಈ ಹುಡುಗರನ್ನು ಶಪಿಸಿದವು.

ಆಗ ಕೆಲವರಿಗೆ ಬೇರೊಂದು ಉಪಾಯ ಹೊಳೆಯಿತು. ಹುಡುಗರ ಕೈಯಿಂದ ವೇಗವನ್ನು ಕಿತ್ತುಕೊಳ್ಳುವುದು ಅಸಾಧ್ಯವಾದರೆ, ವೇಗಕ್ಕೊಂದು ಜಾಗವನ್ನೇಕೆ ಕೊಡಬಾರದು? 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣವೊಂದರ ಓಡುಹಾದಿಯಲ್ಲಿ ಟಿಕೆಟ್ಟಿಟ್ಟು ಪಂದ್ಯಗಳನ್ನು ನಡೆಸತೊಡಗಿದರು. 1951ರಲ್ಲಿ, ಹಾಟ್ ರಾಡ್ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಪೊಮೋನದ ಪೊಲೀಸ್ ಮುಖ್ಯಸ್ಥರಾಗಿದ್ದ ರಾಲ್ಫ್ ಪಾರ್ಕರ್ ಹುಡುಗರನ್ನು ಬೆನ್ನಟ್ಟುವುದರ ಬದಲು ಅವರ ಬೆನ್ನಿಗೆ ನಿಂತರು. ಜಾತ್ರೆಯ ಗಾಡಿಗಳು ನಿಲ್ಲುವ ಜಾಗವೇ ಪಂದ್ಯದ ಹಾದಿಯಾಯಿತು. 1953ರ ಏಪ್ರಿಲ್ ತಿಂಗಳಿನಲ್ಲಿ ಆ ಸಂಸ್ಥೆಯ ಮೊತ್ತಮೊದಲ ಅಧಿಕೃತ ಪಂದ್ಯ ನಡೆದದ್ದು ಇಲ್ಲಿಯೇ. ಇದೇ ಊರಿನ ಪೊಲೀಸ್ ಸಾರ್ಜೆಂಟ್ ಬಡ್ ಕೂನ್ಸ್ 1954ರಲ್ಲಿ ಕೆಲವು ಸಂಗಡಿಗರೊಡನೆ ದೇಶವನ್ನೆಲ್ಲ ಸುತ್ತಿ, ಪಂದ್ಯವನ್ನು ಅಪಾಯವಿಲ್ಲದೆ ನಡೆಸುವುದು ಹೇಗೆಂದು ಊರೂರಿಗೆ ತೋರಿಸಿಕೊಟ್ಟರು. 1961ರಿಂದ ಚಳಿಗಾಲದ ರಾಷ್ಟ್ರೀಯ ಪಂದ್ಯಕ್ಕೂ ಪೊಮೋನ ನೆಲೆಯಾಯಿತು. ಸಂತೆಯ ಬಯಲಿನ ಒಂದು ಅಂಚಿನಲ್ಲಿ ಆ ಹಾದಿ ಇಂದಿಗೂ ಇದೆ; ವಾಲಿ ಪಾರ್ಕ್ಸರ ಹೆಸರಿನ ವಸ್ತುಸಂಗ್ರಹಾಲಯವೂ ಇದೇ ಮೈದಾನದಲ್ಲಿದೆ.

ಒಂದು ಪಿಕಪ್ಪಿನ ಚರಿತ್ರೆ

ಇಂಥ ಸಂತೆಗೆ ಬರುವ ಗಾಡಿಗಳ ಕಥೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಅವುಗಳನ್ನೆಲ್ಲ ಒಂದು ಗಾಡಿಯಲ್ಲಿ, ಅದರ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತ ಒಬ್ಬ ಮುದುಕನಲ್ಲಿ ಒಟ್ಟುಗೂಡಿಸಿ ನೋಡಿದರೆ ಸಂತೆಯ ಸ್ವಭಾವ ಓದುಗರಿಗೆ ಸುಲಭವಾಗಿ ತಿಳಿದೀತು.

ಗಾಡಿ 1956ರ ಫೋರ್ಡ್ ಎಫ್-100. ಪಿಕಪ್ ಎಂದರೆ ಮುಂದೆ ಇಬ್ಬರು ಮೂವರು ಕೂರುವ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ ಇರುವ ಚಿಕ್ಕ ಲಾರಿ. ಎಫ್-100 ಎಂಬ ಹೆಸರು 1953ರಲ್ಲಿ ಬಂದಿತು. 1956ರ ಮಾದರಿಗೆ ಮುಂದಿನ ಗಾಜು ಎರಡು ಕಡೆಗೂ ಬಾಗಿ ಸುತ್ತಿಕೊಂಡಿರುವುದರಿಂದ ಅದನ್ನು ಮೆಚ್ಚುವವರು ಹೆಚ್ಚು. ಈ ಗಾಡಿ ತನ್ನ ಬಾಲ್ಯವನ್ನು ಕಿತ್ತಳೆಯ ಪೆಟ್ಟಿಗೆಗಳನ್ನು ಹೊರುವುದರಲ್ಲಿ ಕಳೆಯಿತು. ತೋಟ ಹೋದ ಮೇಲೆ ಗಾಡಿಯೂ ಮೂಲೆಗೆ ಬಿದ್ದಿತು. ಅದನ್ನು ಅಗ್ಗಕ್ಕೆ ಕೊಂಡ ತರುಣನೇ ಇಂದಿನ ಮುದುಕ.

ಕೊಂಡವನು ಅದನ್ನು ಹಾಗೆಯೇ ಬಿಡಲಿಲ್ಲ. ಸರಕು ಹೊರಲೆಂದು ಹುಟ್ಟಿದ ಸಾಧು ಎಂಜಿನ್ನನ್ನು ಇಳಿಸಿ, 460 ಘನ ಅಂಗುಲದ, ಎಂದರೆ ಸುಮಾರು ಏಳೂವರೆ ಲೀಟರಿನ ದೊಡ್ಡ ಫೋರ್ಡ್ ಎಂಜಿನ್ನನ್ನು ಕೂರಿಸಿದನು. ಮುಂದಿನ ಅಡ್ಡ ಆಕ್ಸೆಲನ್ನು ತೆಗೆದು, ಒಂದೊಂದು ಚಕ್ರವೂ ಬೇರೆಬೇರೆಯಾಗಿ ಏರಿಳಿಯುವಂಥ ಜೋಡಣೆಯನ್ನು ಮತ್ತೊಂದು ಗಾಡಿಯಿಂದ ತಂದು ಬೆಸೆದನು. ಹಳೆಯ ಬ್ರೇಕುಗಳಿಗೆ ಬದಲಾಗಿ ಡಿಸ್ಕ್ ಬ್ರೇಕುಗಳನ್ನು ಹಾಕಿದನು. ಗಾಡಿ ಮಗುಚಿದರೆ ತಲೆ ಉಳಿಯಲೆಂದು ಆಸನದ ಹಿಂದೆ ದಪ್ಪ ಉಕ್ಕಿನ ಕಮಾನನ್ನು ನಿಲ್ಲಿಸಿದನು. ಪಿಕಪ್ಪಿಗೆ ಹುಟ್ಟಿನಿಂದಲೇ ಒಂದು ಐಬುಂಟು: ಎಂಜಿನ್ನಿನ ಭಾರವೆಲ್ಲ ಮುಂದೆ, ಹಿಂದಿನ ತೊಟ್ಟಿ ಖಾಲಿ. ಶಕ್ತಿ ಹರಿಯಬೇಕಾದ ಹಿಂದಿನ ಚಕ್ರಗಳ ಮೇಲೆ ಭಾರವಿಲ್ಲದೆ ಅವು ನೆಲವನ್ನು ಹಿಡಿಯದೆ ಸುಮ್ಮನೆ ತಿರುಗುತ್ತವೆ. ಆದುದರಿಂದ ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಹಿಂದಕ್ಕೆ ಒಯ್ದನು. ಅಗಲವಾದ ಮೃದು ಟೈರುಗಳನ್ನು ತೊಡಿಸಿದನು.

ಇವೆಲ್ಲ ಒಂದು ದಿನದ ಕೆಲಸವಲ್ಲ. ಸಂಬಳದಲ್ಲಿ ಉಳಿದಾಗ ಒಂದು ಸಾಮಾನು, ಹಬ್ಬಕ್ಕೊಂದು ಸಾಮಾನು. ಮನೆಯಾಕೆ ಹೊಸ ಅಡಿಗೆ ಒಲೆ ಕೇಳಿದ ವರ್ಷ ಗಾಡಿಗೆ ಹೊಸ ಗೇರ್ ಪೆಟ್ಟಿಗೆ ಬಂದಿತು. ಆಕೆ ನಾಲ್ಕು ದಿನ ಮಾತು ಬಿಟ್ಟು ಐದನೆಯ ದಿನ ತಾನೇ ಟಾರ್ಚು ಹಿಡಿದು ಗಾಡಿಯ ಕೆಳಗೆ ಬೆಳಕು ತೋರಿಸಿದಳು. ರಸೀದಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರೂ, ಅವುಗಳ ಮೊತ್ತವನ್ನು ಇಬ್ಬರೂ ಎಂದೂ ಕೂಡಿ ನೋಡಲಿಲ್ಲ.

ಕಾಲು ಮೈಲಿಯ ನ್ಯಾಯ

ಡ್ರ್ಯಾಗ್ ಪಂದ್ಯದ ನಿಯಮ ಸರಳ. ಎರಡು ಗಾಡಿಗಳು ನಿಂತ ನೆಲದಿಂದ ಹೊರಟು, ನೇರವಾದ ಹಾದಿಯಲ್ಲಿ ಕಾಲು ಮೈಲಿ, ಎಂದರೆ 1,320 ಅಡಿ ಓಡಬೇಕು. ಮೊದಲು ತಲುಪಿದವನು ಗೆದ್ದನು. ಓಡುವ ಮುನ್ನ ಹಿಂದಿನ ಟೈರುಗಳನ್ನು ನೀರಿನಲ್ಲಿ ಅದ್ದಿ, ನಿಂತಲ್ಲೇ ಗರಗರನೆ ತಿರುಗಿಸಿ ಬಿಸಿಮಾಡುತ್ತಾರೆ; ಬಿಸಿಯಾದ ರಬ್ಬರು ನೆಲಕ್ಕೆ ಅಂಟುತ್ತದೆ. ಎದುರಿಗೆ ಒಂದು ಕಂಬ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಬಣ್ಣದ ದೀಪಗಳು. 1963ರಿಂದ ಬಳಕೆಗೆ ಬಂದ ಈ ಕಂಬವನ್ನು ಕ್ರಿಸ್ಮಸ್ ಮರವೆಂದು ಕರೆಯುತ್ತಾರೆ. ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೊಂದರಂತೆ ಇಳಿದು ಬಂದು ಹಸುರು ಹತ್ತುತ್ತದೆ. ಅದಕ್ಕೆ ಮೊದಲೇ ಹೊರಟವನಿಗೆ ಕೆಂಪು ದೀಪ. ಅವನು ಅಲ್ಲಿಗೇ ಸೋತನು.

ಬೇರೆಬೇರೆ ಬಲದ ಗಾಡಿಗಳು ಕೂಡಿ ಓಡಲೆಂದು ಒಂದು ಜಾಣ್ಮೆಯ ಏರ್ಪಾಡುಂಟು. ತನ್ನ ಗಾಡಿ ಎಷ್ಟು ಸೆಕೆಂಡಿನಲ್ಲಿ ಓಡುವುದೆಂದು ಚಾಲಕನೇ ಮುಂಚಿತವಾಗಿ ಹೇಳಿ, ಆ ಅಂಕಿಯನ್ನು ಗಾಜಿನ ಮೇಲೆ ಬಿಳಿಯ ಷೂ ಪಾಲಿಷಿನಲ್ಲಿ ಬರೆಯಬೇಕು. ಒಬ್ಬ 12.20 ಎಂದೂ ಇನ್ನೊಬ್ಬ 15.00 ಎಂದೂ ಬರೆದರೆ, ನಿಧಾನದವನು 2.80 ಸೆಕೆಂಡು ಮುಂಚಿತವಾಗಿ ಹೊರಡುತ್ತಾನೆ. ಹೇಳಿದ ಕಾಲಕ್ಕಿಂತ ಬೇಗ ಓಡಿದರೂ ಸೋಲೇ. ಆದುದರಿಂದ ಸುಳ್ಳು ಹೇಳಿ ಗೆಲ್ಲುವ ಹಾಗಿಲ್ಲ. ತನ್ನ ಗಾಡಿಯನ್ನು ಸರಿಯಾಗಿ ಬಲ್ಲವನಿಗೆ ಜಯ. ಕಿತ್ತಳೆ ಹೊತ್ತ ಲಾರಿಯೂ ಹೊಸ ಮೋಟಾರನ್ನು ಸೋಲಿಸುವುದು ಹೀಗೆ.

ಪ್ರತಿಯೊಂದು ಓಟದ ತರುವಾಯ ಚಾಲಕನ ಕೈಗೆ ಒಂದು ಕಾಗದದ ಚೀಟಿ ಬರುತ್ತದೆ. ಹಸುರು ದೀಪಕ್ಕೆ ಕಾಲು ಎಷ್ಟು ಬೇಗ ಸ್ಪಂದಿಸಿತು, ಮೊದಲ 60 ಅಡಿಗೆ ಎಷ್ಟು ಕಾಲ, ಅರ್ಧ ಹಾದಿಗೆ ಎಷ್ಟು, ಪೂರ್ತಿ ಹಾದಿಗೆ ಎಷ್ಟು, ಕೊನೆಯ ವೇಗ ಎಷ್ಟು, ಎಲ್ಲವೂ ಸೆಕೆಂಡಿನ ಸಾವಿರದ ಒಂದಂಶದವರೆಗೆ ಅದರಲ್ಲಿ ಅಚ್ಚಾಗಿರುತ್ತದೆ. ಸಂತೆಯಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ನನ್ನ ಗಾಡಿ ಬಾಣದಂತೆ ಹೋಗುತ್ತದೆ ಎನ್ನುವವನಿಗೆ ಚೀಟಿ ಎಲ್ಲಿ ಎಂಬ ಪ್ರಶ್ನೆ ತಪ್ಪದೆ ಎದುರಾಗುತ್ತದೆ.

ಬೆಲೆ ಕಟ್ಟುವ ಕಷ್ಟ

ಕಾರ್ಖಾನೆಯಿಂದ ಬಂದ ರೂಪದಲ್ಲೇ ಕಾಪಾಡಿಕೊಂಡ ಹಳೆಯ ಗಾಡಿಗೆ ಬೆಲೆ ಹೇಳುವ ಪುಸ್ತಕಗಳಿವೆ. ಹೀಗೆ ಕೈಯಿಟ್ಟು ಮಾರ್ಪಡಿಸಿದ ಗಾಡಿಗೆ ಅಂಥ ಪುಸ್ತಕ ನೆರವಾಗದು. ಹಾಕಿದ ಹಣ ಹಿಂದಕ್ಕೆ ಬರುವುದಿಲ್ಲವೆಂಬುದು ಈ ಸಂತೆಯ ಮೊದಲ ಪಾಠ. ಮೇಲಾಗಿ, ಬೀದಿಗೂ ಪಂದ್ಯಕ್ಕೂ ಆಗಲೆಂದು ಮಾಡಿದ ಗಾಡಿ ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಹಿಂದಿನ ಆಕ್ಸೆಲಿನ ಹಲ್ಲಿನ ಪ್ರಮಾಣವನ್ನೇ ನೋಡಿರಿ: 4.11ರ ಪ್ರಮಾಣವಿದ್ದರೆ ಗಾಡಿ ನಿಂತ ನೆಲದಿಂದ ಚಂಗನೆ ಹಾರುತ್ತದೆ. ಆದರೆ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ 3,200 ಸುತ್ತಿನಂತೆ ಅರಚುತ್ತಲೇ ಇರಬೇಕು. ಮೆಲುವಾಗಿ ಓಡುವ 3.00ರ ಪ್ರಮಾಣ ಹಾಕಿದರೆ ಪಂದ್ಯದಲ್ಲಿ ಸೋಲು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗಬೇಕೆನ್ನುವವನಿಗೆ ಈ ಗಾಡಿಯ ಸದ್ದು ಹೆಚ್ಚು. ಪಂದ್ಯವೇ ಜೀವವೆನ್ನುವವನಿಗೆ ಇದರ ತೂಕ ಹೆಚ್ಚು.

ಆದುದರಿಂದ ಒಳ್ಳೆಯ ಮಾರಾಟಗಾರನು ಗಾಡಿಯ ಗುಣಕ್ಕಿಂತ ಮೊದಲು ಅದರ ದೋಷವನ್ನು ಹೇಳುತ್ತಾನೆ. ಮುದುಕನು ಗಾಜಿನ ಒಳಗಡೆ ಒಂದು ಹಾಳೆಯನ್ನು ಅಂಟಿಸಿದ್ದನು. ಅದರಲ್ಲಿ ಒಂಬತ್ತು ಲೋಪಗಳ ಪಟ್ಟಿ. ಎಂಜಿನ್ನಿನ ತಳದಿಂದ ಎಣ್ಣೆ ಜಿನುಗುತ್ತದೆ, ಎಡಬಾಗಿಲಿನ ಕೆಳಭಾಗಕ್ಕೆ ತುಕ್ಕು ಹಿಡಿದು ಹೊಸ ತಗಡು ಬೆಸೆದಿದೆ, ಮಳೆ ಬಂದರೆ ಒರೆಸುವ ಕಡ್ಡಿ ಒಂದೇ ಓಡುತ್ತದೆ, ಹೀಗೆ.

ಕೊಳ್ಳಲು ಬಂದವರೂ ಕಡಿಮೆಯವರಲ್ಲ. ಒಬ್ಬನು ಬಂದ ಕೂಡಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದನು. ತಣ್ಣಗಿರುವ ಎಂಜಿನ್ನು ಮೊದಲ ತಿರುವಿಗೆ ಹತ್ತುವುದೇ ಎಂಬುದು ಅವನ ಪರೀಕ್ಷೆ. ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಏನೋ ಮುಚ್ಚಿಟ್ಟಂತೆ. ಮತ್ತೊಬ್ಬನು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಯುದ್ದಕ್ಕೂ ಆಡಿಸಿದನು. ಬಣ್ಣದ ಕೆಳಗೆ ತಗಡಿದ್ದರೆ ಅದು ಹಿಡಿಯುತ್ತದೆ, ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಮೂರನೆಯವನು ಚಾಸಿಯ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಒಡೆತನದ ಪತ್ರದ ಸಂಖ್ಯೆಗೆ ಹೋಲಿಸಿದನು. ಕ್ಯಾಲಿಫೋರ್ನಿಯದಲ್ಲಿ ಆ ಪತ್ರಕ್ಕೆ ಪಿಂಕ್ ಸ್ಲಿಪ್ ಎಂದು ಹೆಸರು. 1988ರ ತರುವಾಯ ಅದರ ಗುಲಾಬಿ ಬಣ್ಣ ಹೋದರೂ ಹೆಸರು ಹೋಗಲಿಲ್ಲ. ಹಿಂದೆ ಬೀದಿ ಪಂದ್ಯಗಳಲ್ಲಿ ಕೆಲವು ಹುಡುಗರು ಈ ಪತ್ರವನ್ನೇ ಪಣವಾಗಿ ಇಡುತ್ತಿದ್ದರು. ಸೋತವನು ಮನೆಗೆ ನಡೆದು ಹೋಗಬೇಕು.

ಮೂವರು ಬಂದರು

ಬಿಸಿಲೇರುವ ವೇಳೆಗೆ ಮಾತು ಗಟ್ಟಿಯಾಗಿ ಆಡಿದವರು ಮೂವರು. ಮೊದಲನೆಯವನು ಬಿಡಿಭಾಗಗಳ ವ್ಯಾಪಾರಿ. ಅವನಿಗೆ ಗಾಡಿ ಬೇಕಿರಲಿಲ್ಲ. ಎಂಜಿನ್ನು, ಗೇರ್ ಪೆಟ್ಟಿಗೆ, ಹಿಂದಿನ ಆಕ್ಸೆಲು, ಆ ಸುತ್ತುಗಾಜು, ಇವನ್ನು ಬೇರೆಬೇರೆ ಮಾಡಿ ಮಾರಿದರೆ ಇಡೀ ಗಾಡಿಗಿಂತ ಹೆಚ್ಚು ಬರುತ್ತದೆಂಬ ಲೆಕ್ಕ ಅವನದು. ಲೆಕ್ಕ ಸುಳ್ಳಲ್ಲ. ಅವನು ಕೇಳಿದಷ್ಟು ಬೆಲೆಯನ್ನೇ ಕೊಡಲು ಸಿದ್ಧನಿದ್ದನು.

ಎರಡನೆಯವನು ಇಪ್ಪತ್ತರ ಒಳಗಿನ ಹುಡುಗ. ಜೇಬಿನಲ್ಲಿ ನೋಟಿನ ಕಟ್ಟು. ಎಣ್ಣೆ, ತುಕ್ಕು ಯಾವುದನ್ನೂ ಅವನು ನೋಡಲಿಲ್ಲ. ಸೈಲೆನ್ಸರನ್ನು ದಾಟಿಸಿ ಹೊಗೆಯನ್ನು ನೇರವಾಗಿ ಹೊರಬಿಡುವ ಮುಚ್ಚಳ ಎಲ್ಲಿದೆ ಎಂದು ಮಾತ್ರ ಕೇಳಿದನು.

“ಎಲ್ಲಿ ಓಡಿಸುತ್ತೀಯಪ್ಪ?” ಎಂದನು ಮುದುಕ.

ಹುಡುಗ ನಕ್ಕನು. “ರಾತ್ರಿ ಎಲ್ಲರೂ ಸೇರುವ ಕಡೆ.”

ಈ ಮಾತಿನ ಅರ್ಥ ಸಂತೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೀದಿ ಪಂದ್ಯ ಇನ್ನೂ ಸತ್ತಿಲ್ಲ. ಕ್ಯಾಲಿಫೋರ್ನಿಯದ ಕಾನೂನು ಅದನ್ನು ಅಪರಾಧವೆಂದು ಸಾರಿದೆ. ಸಿಕ್ಕಿಬಿದ್ದ ಗಾಡಿಯನ್ನು ಪೊಲೀಸರು 30 ದಿನ ಹಿಡಿದಿಟ್ಟುಕೊಳ್ಳಬಹುದು. ಆದರೂ ರಾತ್ರಿಯ ರಸ್ತೆಗಳಲ್ಲಿ ಪ್ರಾಣಗಳು ಹೋಗುತ್ತಲೇ ಇವೆ. ಓಡಿಸಿದವರಷ್ಟೇ ಅಲ್ಲ, ದಾರಿಯ ಪಕ್ಕದಲ್ಲಿ ನಿಂತವರೂ, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದವರೂ ಸತ್ತಿದ್ದಾರೆ. 12 ಸೆಕೆಂಡಿನಲ್ಲಿ ಗಂಟೆಗೆ 110 ಮೈಲಿಯ ವೇಗವನ್ನು ಮುಟ್ಟುವ ಗಾಡಿಗೆ ಬೀದಿಯ ತಿರುವಿನಲ್ಲಿ ನಿಲ್ಲಲು ಜಾಗವೆಲ್ಲಿ?

ಮುದುಕನು ಬೋಧನೆ ಮಾಡಲಿಲ್ಲ. ಬಯಲಿನ ಅಂಚಿನತ್ತ ಕೈ ತೋರಿಸಿ, “ನನಗೂ ನಿನ್ನ ವಯಸ್ಸಿತ್ತು. ಅಂಥದೊಂದು ಹಾದಿ ಇದ್ದುದರಿಂದ ಈ ವಯಸ್ಸಿಗೆ ಬಂದೆ” ಎಂದಷ್ಟೇ ಹೇಳಿದನು. ಹುಡುಗ ಆ ಕಡೆ ಒಮ್ಮೆ ನೋಡಿ, ನೋಟಿನ ಕಟ್ಟನ್ನು ಜೇಬಿಗೆ ಸೇರಿಸಿ, ಮುಂದಿನ ಸಾಲಿಗೆ ನಡೆದನು.

ಮೂರನೆಯವರು ತಂದೆ ಮತ್ತು ಹದಿನೇಳು ವರ್ಷದ ಮಗಳು. ಗಾಡಿಯ ಕಡೆಗೆ ಮೊದಲು ಬಂದವಳು ಮಗಳೇ. ಇದರಲ್ಲಿ ಸೋಜಿಗವೇನಿಲ್ಲ. ಈ ಪಂದ್ಯದ ಅತ್ಯಂತ ವೇಗದ ವರ್ಗದಲ್ಲಿ ಶರ್ಲಿ ಮಲ್ಡೌನಿ ಎಂಬ ಮಹಿಳೆ 1977, 1980 ಮತ್ತು 1982ರಲ್ಲಿ ರಾಷ್ಟ್ರದ ಚಾಂಪಿಯನ್ ಆದರು. 1992ರಿಂದ ಮಕ್ಕಳಿಗಾಗಿಯೇ ಅರ್ಧ ಗಾತ್ರದ ಗಾಡಿಗಳ ಪಂದ್ಯಗಳು ನಡೆಯುತ್ತಿವೆ. ಈ ಹುಡುಗಿಯೂ ಅಂಥ ಪುಟ್ಟ ಗಾಡಿಯಲ್ಲಿ ಬೆಳೆದವಳು. ಈಗ ಅದರಲ್ಲಿ ಮೊಣಕಾಲು ಹಿಡಿಸುವುದಿಲ್ಲ.

ಅವಳು ಒಂಬತ್ತು ಲೋಪಗಳನ್ನು ಓದಿದಳು. ಮಲಗಿ ಚಾಸಿಯ ಬೆಸುಗೆಗಳನ್ನು ನೋಡಿದಳು. ಬಳಿಕ ಚೀಟಿಗಳನ್ನು ಕೇಳಿದಳು. ಮುದುಕನು ಬಿಸ್ಕತ್ತಿನ ಡಬ್ಬಿಯನ್ನೇ ಅವಳ ಮಡಿಲಿಗೆ ಕೊಟ್ಟನು. ಕೆಲವು ಚೀಟಿಗಳ ಅಕ್ಷರ ಮಾಸಿತ್ತು. ಅವಳು ನೆಲದ ಮೇಲೆ ಕುಳಿತು, ವರ್ಷದ ಕ್ರಮದಲ್ಲಿ ಅವನ್ನು ಜೋಡಿಸಿ, ಬಹಳ ಹೊತ್ತು ಸುಮ್ಮನೆ ಓದಿದಳು. ತಂದೆ ಚಡಪಡಿಸಿದನು.

ಕೊನೆಗೆ ಅವಳು ಹೇಳಿದಳು: “ಮೊದಲ 60 ಅಡಿಯ ಕಾಲ ಹತ್ತು ವರ್ಷದಿಂದ ಹೆಚ್ಚುಕಡಿಮೆ ಒಂದೇ ಇದೆ. ಪೂರ್ತಿ ಹಾದಿಯ ಕಾಲವೂ ಕೆಟ್ಟಿಲ್ಲ. ಆದರೆ ದೀಪ ಹತ್ತಿದ ಮೇಲೆ ಹೊರಡುವುದು ಮಾತ್ರ ವರ್ಷದಿಂದ ವರ್ಷಕ್ಕೆ ತಡವಾಗುತ್ತಿದೆ.”

“ಸುಮ್ಮನಿರು” ಎಂದನು ತಂದೆ ನಾಚಿಕೆಯಿಂದ.

ಮುದುಕನು ನಕ್ಕನು. “ಬಿಡಿ, ಸರಿಯಾಗಿಯೇ ಓದಿದ್ದಾಳೆ. ಆ ಲೋಪ ಗಾಡಿಯದಲ್ಲ, ಅದಕ್ಕೇ ಪಟ್ಟಿಯಲ್ಲಿ ಬರೆದಿಲ್ಲ.”

ಎರಡು ವರ್ಷಗಳ ಹಿಂದೆ ಮನೆಯಾಕೆ ತೀರಿಹೋದ ಮೇಲೆ ಅವನು ಗಾಡಿಯನ್ನು ಹಾದಿಗೆ ಒಯ್ದದ್ದು ಒಂದೇ ಸಾರಿ. ಆ ಒಂದು ಚೀಟಿಯೂ ಡಬ್ಬಿಯಲ್ಲೇ ಇತ್ತು. ಮಾರಬೇಕೆಂದು ಅವನು ನಿಶ್ಚಯಿಸಿದ್ದು ಅದನ್ನು ಓದಿದ ದಿನ.

ತಂದೆಯ ಹತ್ತಿರ ಕೇಳಿದಷ್ಟು ಹಣವಿರಲಿಲ್ಲ. ಮಾತು ಮುಂದುವರಿಯಿತು, ಒಮ್ಮೆ ನಿಂತಿತು, ತಂದೆ ಮಗಳು ದೂರ ಹೋಗಿ ಪಿಸುಗುಟ್ಟಿ ಬಂದರು. ಅಷ್ಟರಲ್ಲಿ ಬಿಡಿಭಾಗದ ವ್ಯಾಪಾರಿ ಮತ್ತೊಮ್ಮೆ ಸುಳಿದು ತನ್ನ ಬೆಲೆಯನ್ನು ಇನ್ನಷ್ಟು ಏರಿಸಿದನು. ಮುದುಕನಿಗೆ ಹಣ ಬೇಡವಾಗಿತ್ತೆಂದಲ್ಲ. ಆಸ್ಪತ್ರೆಯ ಸಾಲ ಇನ್ನೂ ತೀರಿರಲಿಲ್ಲ. ಅವನು ಕುರ್ಚಿಯಲ್ಲಿ ಕುಳಿತು, ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದನು. ಆಮೇಲೆ ಹುಡುಗಿಗೆ ಕೊನೆಯ ಪ್ರಶ್ನೆ ಹಾಕಿದನು: ಗಾಡಿಯನ್ನು ಇನ್ನೂ ಚುರುಕು ಮಾಡಿದರೆ ಏನು ಬೇಕು?

ಅವಳು ತಡೆಯದೆ ಹೇಳಿದಳು. ಈಗಿನ 12 ಸೆಕೆಂಡಿನ ಓಟಕ್ಕೆ ಶಿರಸ್ತ್ರಾಣ ಸಾಕು. ಹನ್ನೊಂದೂವರೆಗಿಂತ ಕಡಿಮೆಯಾದರೆ ಆಸನದ ಹಿಂದಿನ ಉಕ್ಕಿನ ಕಮಾನು ಕಡ್ಡಾಯ, ಅದು ಇದರಲ್ಲಿದೆ. ಹತ್ತಕ್ಕಿಂತ ಕಡಿಮೆಯಾದರೆ ಸುತ್ತಲೂ ಪೂರ್ತಿ ಪಂಜರವೂ ಚಾಲಕನಿಗೆ ಬೇರೆ ಪರವಾನಗಿಯೂ ಬೇಕು. “ಅಷ್ಟು ಬೇಗ ನನಗೆ ಬೇಡ. ಮೊದಲು 12.20 ಎಂದು ಬರೆದು 12.20ರಲ್ಲೇ ಓಡಿಸುವುದನ್ನು ಕಲಿಯಬೇಕು.”

ಮುದುಕನು ಎದ್ದು ತಂದೆಯ ಕೈ ಕುಲುಕಿದನು.

ಹತ್ತನೆಯ ಲೋಪ

ಗಾಡಿಯನ್ನು ಮಾರುವುದು ಇಲ್ಲಿ ಕೈ ಕುಲುಕಿದೊಡನೆ ಮುಗಿಯುವುದಿಲ್ಲ. ಒಡೆತನದ ಪತ್ರದ ಮೇಲೆ ಮಾರಿದವನ ಸಹಿ ಬೀಳಬೇಕು. ಮಾರಿದ 5 ದಿನಗಳೊಳಗೆ, ಗಾಡಿ ತನ್ನ ಕೈಬಿಟ್ಟಿತೆಂದು ಅವನು ಮೋಟಾರು ಇಲಾಖೆಗೆ ತಿಳಿಸಬೇಕು. ಮರೆತರೆ ಮುಂದಿನವನ ದಂಡದ ಚೀಟಿ ಇವನ ಬಾಗಿಲಿಗೆ ಬಂದೀತು. 1975 ಹಾಗೂ ಅದಕ್ಕೆ ಹಿಂದಿನ ಮಾದರಿಯ ಪೆಟ್ರೋಲ್ ಗಾಡಿಗಳಿಗೆ ಹೊಗೆಯ ಪರೀಕ್ಷೆಯಿಂದ ವಿನಾಯಿತಿ ಇರುವುದರಿಂದ ಆ ತೊಡಕು ಇರಲಿಲ್ಲ. ಮುದುಕನು ಬಾನೆಟ್ಟಿನ ಮೇಲೆ ಪತ್ರವನ್ನಿಟ್ಟು ಸಹಿ ಹಾಕಿದನು. ರಸೀದಿಗಳನ್ನೂ ಚೀಟಿಗಳನ್ನೂ ಡಬ್ಬಿಯ ಸಮೇತ ಹುಡುಗಿಗೆ ಕೊಟ್ಟನು. ತನಗೆಂದು ಒಂದೇ ಒಂದು ಚೀಟಿಯನ್ನು ಉಳಿಸಿಕೊಂಡನು. ಅದರ ಹಿಂಬದಿಯಲ್ಲಿ ಮನೆಯಾಕೆಯ ಕೈಬರಹದಲ್ಲಿ ಆ ದಿನದ ಅಡಿಗೆಗೆ ತರಬೇಕಾದ ಸಾಮಾನಿನ ಪಟ್ಟಿಯಿತ್ತು.

ಎಂಜಿನ್ನು ಹತ್ತಿತು. ಸುತ್ತಮುತ್ತಲ ಸಾಲಿನವರು ತಲೆಯೆತ್ತಿ ನೋಡಿದರು. ಹುಡುಗಿ ಗಾಡಿಯನ್ನು ನಡಿಗೆಯ ವೇಗದಲ್ಲಿ, ಜನರಿಗೆ ದಾರಿಬಿಟ್ಟು ದಾರಿಬಿಟ್ಟು, ಗೇಟಿನವರೆಗೆ ಒಯ್ದಳು. ಅಲ್ಲಿ ಬ್ರೇಕು ಒತ್ತಿದಾಗ ಹಿಂದುಗಡೆ ಎಡದ ಕೆಂಪು ದೀಪ ಹತ್ತಿತು. ಬಲದ ದೀಪ ಹತ್ತಲಿಲ್ಲ.

ಮುದುಕನು ಕುರ್ಚಿಯನ್ನು ಅಲ್ಲೇ ಬಿಟ್ಟನು. “ನಿಲ್ಲು! ನಿಲ್ಲು!” ಎಂದು ಕೂಗುತ್ತ, ಪಕ್ಕದ ತಾಡಪಾಲಿನಿಂದ ಒಂದು ಬಲ್ಬನ್ನು ಎತ್ತಿಕೊಂಡು, ದುಡ್ಡನ್ನು ಅಂಗಡಿಯವನ ಮುಂದೆ ಎಸೆದು, ಕೀಲುನೋವನ್ನೂ ಮರೆತು ಗೇಟಿನ ಕಡೆಗೆ ಓಡಿದನು. ತಂದೆ, ಮಗಳು, ಮುದುಕ ಮೂವರೂ ಬಗ್ಗಿ ನಿಂತು ದೀಪದ ಗಾಜನ್ನು ಬಿಚ್ಚಿದರು. ಮುದುಕನು ಬಲ್ಬನ್ನು ತಿರುಗಿಸಿ ಕೂರಿಸಿದನು. ಹುಡುಗಿ ಬ್ರೇಕು ಒತ್ತಿದಳು. ಕೆಂಪು ಬೆಳಕು ಬಂದಿತು.

“ಇದನ್ನು ಪಟ್ಟಿಯಲ್ಲಿ ಬರೆಯಲು ಮರೆತಿದ್ದೆ” ಎಂದನು ಮುದುಕ. “ಕ್ಷಮಿಸಬೇಕು.”

ಮಧ್ಯಾಹ್ನ 2 ಗಂಟೆಯ ಹೊತ್ತಿಗೆ ಸಂತೆ ಚದುರುತ್ತದೆ. ತಾಡಪಾಲುಗಳು ಸುರುಳಿಯಾಗುತ್ತವೆ, ಮಾರದೆ ಉಳಿದ ಬಂಪರುಗಳು ಮತ್ತೆ ಲಾರಿ ಏರುತ್ತವೆ. ಸ್ಯಾನ್ ಆಂಟೋನಿಯೊ ಶಿಖರದ ಹಿಮದ ಮೇಲೆ ಬಿಸಿಲು ಬಿದ್ದಿರುತ್ತದೆ. ಬಯಲಿನಲ್ಲಿ ಎಣ್ಣೆಯ ಕಲೆಗಳಷ್ಟೇ ಉಳಿಯುತ್ತವೆ. ಇಲ್ಲೊಂದು ಗಾಡಿ ನಿಂತಿತ್ತು, ಅಲ್ಲೊಂದು ನಿಂತಿತ್ತು ಎಂದು ಅವು ಮುಂದಿನ ಸಂತೆಯವರೆಗೂ ಹೇಳುತ್ತಿರುತ್ತವೆ.